ಬಾಯ್ಲರಿನ ಮೇಲಿನ ಟ್ಯಾಂಕು

ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಆಗ ನನ್ನ ಕೆಲಸವಾಗಿತ್ತು. ಎಮರಿವಿಲ್‌ನ ಒಂದು ಪುಟ್ಟ ಕಂಪನಿ, ಮಕ್ಕಳಿಗೆ ಲೆಕ್ಕ, ಅಕ್ಷರ ಕಲಿಸುವ ಸೀಡಿಗಳನ್ನು ಮಾಡುತ್ತಿತ್ತು. ಆನೆಯ ಮೇಲೆ ಕ್ಲಿಕ್ ಮಾಡಿದರೆ ಆನೆ ಕುಣಿಯಬೇಕು. ಆನೆ ಕುಣಿಯುವ ಬದಲು ಕಂಪ್ಯೂಟರೇ ನಿಂತುಹೋದರೆ, ಯಾಕೆ ನಿಂತಿತು ಎಂದು ನಾನು ಪತ್ತೆ ಮಾಡಬೇಕು. ಈ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಏನಾದರೂ ಕೆಟ್ಟಿತು ಅಂದರೆ, ಯಾಕೆ ಕೆಟ್ಟಿತು ಎಂದು ತಿಳಿಯುವವರೆಗೆ ನನಗೆ ಊಟ ರುಚಿಸುವುದಿಲ್ಲ. ಇವರು, ಅಂದರೆ ನನ್ನ ಗಂಡ, ಇದನ್ನು ಕಾಯಿಲೆ ಅಂತಲೇ ಕರೆಯುತ್ತಾರೆ.

ಆ ಕಾಯಿಲೆ ಪೂರ್ತಿ ಉಲ್ಬಣಿಸಿದ್ದು ನಮ್ಮ ಮನೆಯ ಬಾಯ್ಲರಿನ ದೆಸೆಯಿಂದ. ಡಾಟ್ ಕಾಮ್ ಭರಾಟೆಯ ಕಾಲ, ಎರಡು ಸಾವಿರನೇ ಇಸವಿ ಇನ್ನೇನು ಬಂತು ಅನ್ನುವ ಚಳಿಗಾಲ. ನಮ್ಮ ಪರಿಚಯದ ಕನ್ನಡದವರೆಲ್ಲ ಗುಡ್ಡದಾಚೆಯ ಡಬ್ಲಿನ್ ಎಂಬ ಊರಿನ ಕಡೆ ಹೊಸದಾಗಿ ಏಳುತ್ತಿದ್ದ ಬಡಾವಣೆಗಳಿಗೆ ಹೋಗುತ್ತಿದ್ದರು. ನಾವು ಮಾತ್ರ, ನನ್ನ ಆಫೀಸಿಗೆ ನಡೆದೇ ಹೋಗಬಹುದು ಎಂಬ ಆಸೆಗೆ, ಎಮರಿವಿಲ್ಲಿಗೆ ತಾಗಿಕೊಂಡ ಓಕ್ಲೆಂಡಿನ ಬೀದಿಯಲ್ಲಿ ಒಂದು ಹಳೆಯ ಮರದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಹೊಸ ಮನೆಗಳಲ್ಲಿ ಗೋಡೆಯ ಜಾಲರಿಯಿಂದ ಬಿಸಿಗಾಳಿ ಬರುತ್ತದೆ. ನಮ್ಮಲ್ಲಿ ಹಾಗಲ್ಲ. ನೆಲಮಾಳಿಗೆಯಲ್ಲಿ ಗ್ಯಾಸಿನಿಂದ ಉರಿಯುವ ಒಂದು ಬಾಯ್ಲರು ಇತ್ತು. ಅದರಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು, ಪ್ರತಿ ಕೋಣೆಯ ಕಿಟಕಿಯ ಕೆಳಗೆ ಕೂತಿದ್ದ ಕಬ್ಬಿಣದ ರೇಡಿಯೇಟರಿಗೆ ಹೋಗಿ, ಕೋಣೆಯನ್ನು ಬೆಚ್ಚಗೆ ಮಾಡಿ, ತಾನು ತಣ್ಣಗಾಗಿ ಮತ್ತೆ ಬಾಯ್ಲರಿಗೇ ಬರುತ್ತಿತ್ತು. ಸುತ್ತಿ ಸುತ್ತಿ ಅದೇ ನೀರು. ಸ್ನಾನಕ್ಕೆ, ಪಾತ್ರೆಗೆ ಬರುವ ಬಿಸಿನೀರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅದಕ್ಕೆ ಪಕ್ಕದಲ್ಲೇ ಬೇರೆ ಹೀಟರ್ ಇತ್ತು.

ನನಗೆ ಹೊಟ್ಟೆ ಮುಂದೆ ಬಂದಿತ್ತು. ಜನವರಿ ಮಧ್ಯದಲ್ಲಿ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಬಾಣಂತನಕ್ಕೆಂದು ಅಮ್ಮ ಅಕ್ಟೋಬರಿನಲ್ಲೇ ಬೆಂಗಳೂರಿನಿಂದ ಬಂದಿಳಿದಿದ್ದಳು. ಬಂದವಳು ಸೂಟ್‌ಕೇಸು ಬಿಚ್ಚುವ ಮೊದಲೇ ನಮ್ಮ ಮಲಗುವ ಕೋಣೆಗೆ ಹೋಗಿ, ಕಿಟಕಿಯ ಸಂದಿಗೆ ಅಂಗೈ ಹಿಡಿದು ನೋಡಿದಳು. "ಗಾಳಿ ಬರತ್ತೆ ಕಣೆ. ಕೋಣೆ ಬೆಚ್ಚಗಿರಬೇಕು. ಮಿಕ್ಕಿದ್ದು ಏನಿಲ್ಲದೇ ಇದ್ರೂ ನಡೆಯತ್ತೆ, ಇದೊಂದು ಮಾತ್ರ ನನ್ ಹತ್ರ ನಡೆಯಲ್ಲ" ಎಂದಳು.

ಅದು ಯಾಕೆಂದು ನನಗೆ ಗೊತ್ತಿತ್ತು. ನನಗಿಂತ ಮುಂಚೆ ಅಮ್ಮನಿಗೆ ಒಂದು ಗಂಡು ಮಗು ಹುಟ್ಟಿತ್ತು. ಹುಟ್ಟಿದ್ದು ಡಿಸೆಂಬರಿನಲ್ಲಿ. ನಾಮಕರಣವೂ ಆಗುವ ಮೊದಲೇ ಥಂಡಿ ತಗುಲಿ, ಎದೆ ಕಟ್ಟಿಕೊಂಡು ಹೋಗಿಬಿಟ್ಟಿತು. ಇದನ್ನು ಅಮ್ಮ ಒಂದು ದಿನವೂ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದವಳಲ್ಲ, ಅಜ್ಜಿ ಹೇಳಿದ್ದು. ಹಾಗಾಗಿ ಈ ಮಗು ಬರುವ ಹೊತ್ತಿಗೆ ಮನೆ ಬೆಚ್ಚಗಿರಬೇಕು ಅನ್ನುವುದು ನಮ್ಮ ಮೂವರಿಗೂ ಒಂದು ವ್ರತದಂತೆ ಆಗಿಹೋಯಿತು.

ಬಾಯ್ಲರಿಗೆ ಇದೆಲ್ಲ ಗೊತ್ತಾಗಬೇಕಲ್ಲ! ನವೆಂಬರಿನ ಒಂದು ಬೆಳಿಗ್ಗೆ ಎದ್ದರೆ ಮಲಗುವ ಕೋಣೆಯ ರೇಡಿಯೇಟರು ಕೆಳಗೆ ಉಗುರುಬೆಚ್ಚಗೆ, ಮೇಲೆ ಐಸು. ನೆಲಮಾಳಿಗೆಗೆ ಇಳಿದು ನೋಡಿದರೆ ಬಾಯ್ಲರಿನ ಬುಡದಲ್ಲಿ ಕಂದು ಬಣ್ಣದ ನೀರು ನಿಂತಿತ್ತು. ಬಾಯ್ಲರಿನ ಎದೆಯ ಮೇಲೆ ಗಡಿಯಾರದಂಥ ಒಂದು ಮೀಟರು, ಒಳಗಿನ ನೀರಿನ ಒತ್ತಡ ತೋರಿಸುವುದಕ್ಕೆ. ಅದರ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಮೀಟರಿನ ಪಕ್ಕದಲ್ಲೇ ಯಾರೋ ಪುಣ್ಯಾತ್ಮರು ಅಂಟಿಸಿದ್ದ ಚೀಟಿಯ ಪ್ರಕಾರ, ತಣ್ಣಗಿದ್ದಾಗ ಮುಳ್ಳು ಹನ್ನೆರಡರ ಹತ್ತಿರ ಇರಬೇಕು, ಕಾದಾಗ ಸ್ವಲ್ಪ ಏರಬೇಕು, ಮೂವತ್ತರ ಕೆಂಪು ಗೆರೆ ಮುಟ್ಟಬಾರದು.

ಇವರು ಬೀದಿ ಕಡೆಯಿಂದ ಬರುವ ನೀರಿನ ವಾಲ್ವನ್ನು ತಿರುಗಿಸಿ ಮುಳ್ಳನ್ನು ಹನ್ನೆರಡಕ್ಕೆ ತಂದು, "ಆಯ್ತು ನೋಡು" ಎಂದು ರೆಡ್‌ವುಡ್ ಸಿಟಿಯ ಆಫೀಸಿಗೆ ಓಡಿದರು. ನನಗೆ ಆಫೀಸು ಹತ್ತು ನಿಮಿಷದ ದಾರಿ. ನಾನು ಅಲ್ಲೇ ಒಂದು ಮರದ ಸ್ಟೂಲು ಹಾಕಿಕೊಂಡು ಕೂತೆ. ಬಾಯ್ಲರು ಹೊತ್ತಿತು. ಮುಳ್ಳು ಹನ್ನೆರಡರಿಂದ ಎದ್ದು ಸರಸರನೆ ಮೇಲೆ ಹೋಯಿತು. ಕೆಂಪು ಗೆರೆ ಮುಟ್ಟಿತೋ ಇಲ್ಲವೋ, ಪಕ್ಕದ ರಕ್ಷಣಾ ವಾಲ್ವು 'ಫುಸ್' ಎಂದು ಬಾಯಿಬಿಟ್ಟು ಬಿಸಿನೀರನ್ನು ನೆಲಕ್ಕೆ ಕಕ್ಕಿತು. ಅಂದರೆ ಒತ್ತಡ ಕಡಿಮೆ ಇರುವುದು ಕಾಯಿಲೆಯಲ್ಲ, ಕಾಯಿಲೆಯ ಕೊನೆ. ಮೊದಲು ಒತ್ತಡ ವಿಪರೀತ ಏರುತ್ತದೆ, ನೀರು ಹೊರಗೆ ಬೀಳುತ್ತದೆ, ತಣ್ಣಗಾದ ಮೇಲೆ ಒಳಗಿನ ನೀರು ಸಾಲದೆ ಮುಳ್ಳು ಸೊನ್ನೆಗೆ ಬರುತ್ತದೆ, ಮೇಲಿನ ಕೋಣೆಗಳಿಗೆ ನೀರು ಹತ್ತುವುದಿಲ್ಲ. ಇಷ್ಟು ತಿಳಿದಾಗ ನನಗೆ ಆದ ಖುಷಿ ಹೇಳತೀರದು. ಆವತ್ತು ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಆದರೆ ಒತ್ತಡ ಏರುವುದು ಯಾಕೆ? ಬೀದಿಯ ನೀರು ಒಳಗೆ ಸೋರುತ್ತಿರಬಹುದು ಎಂದು ಆ ವಾಲ್ವನ್ನು ಬಿಗಿಯಾಗಿ ಮುಚ್ಚಿ ಕಾದು ನೋಡಿದೆ. ಇಲ್ಲ. ತಣ್ಣಗಿರುವಾಗ ಮುಳ್ಳು ಕದಲುವುದಿಲ್ಲ, ಬೆಂಕಿ ಹೊತ್ತಿದ ಕೂಡಲೇ ಹುಚ್ಚು ಹಿಡಿದಂತೆ ಏರುತ್ತದೆ. ಅಷ್ಟರಮೇಲೆ ನನ್ನ ಬುದ್ಧಿ ಓಡಲಿಲ್ಲ.

ಪ್ಲಂಬರನ್ನು ಕರೆಯೋಣವೆಂದರೆ ಆ ದಿನಗಳಲ್ಲಿ ಪ್ಲಂಬರ್ ಸಿಗುವುದು ದೇವರು ಸಿಕ್ಕ ಹಾಗೆ. ಕಂಪನಿ ಷೇರಿನಲ್ಲಿ ದಿಢೀರ್ ದುಡ್ಡು ಕಂಡವರೆಲ್ಲ ಬಚ್ಚಲುಮನೆ ಒಡೆದು ಕಟ್ಟಿಸುತ್ತಿದ್ದರು, ಪ್ಲಂಬರುಗಳೆಲ್ಲ ಅಲ್ಲೇ. ಮನೆಯ ಒಡತಿ ದೂರದ ಊರಿನಲ್ಲಿ ಮಗಳ ಜೊತೆ ಇದ್ದ ಅಜ್ಜಿ, ಫೋನಿನಲ್ಲಿ "ಯಾರಾದರೂ ಸಿಕ್ಕರೆ ಮಾಡಿಸಿಕೊಳ್ಳಿ, ಪಾಪ" ಎಂದು ಕನಿಕರಪಟ್ಟರು. ಅಂತೂ ಡಿಸೆಂಬರ್ ಶುರುವಿನಲ್ಲಿ ಒಬ್ಬ ಬಂದ. ಬಂದವನು ಮೊದಲು ನನ್ನ ಕಂಪನಿ ಷೇರು ಮಾರುಕಟ್ಟೆಗೆ ಯಾವಾಗ ಬರುತ್ತದೆ ಎಂದು ವಿಚಾರಿಸಿದ. ಆಮೇಲೆ ಬಾಯ್ಲರು.

ಬಾಯ್ಲರಿನ ಮೇಲೆ, ಸೂರಿನ ತೊಲೆಗಳ ನಡುವೆ ಕಬ್ಬಿಣದ ಪಟ್ಟಿಯಲ್ಲಿ ಒಂದು ಉದ್ದನೆಯ ಟ್ಯಾಂಕು ನೇತಾಡುತ್ತಿತ್ತು. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅವನು ಅದನ್ನು ತೋರಿಸಿ ಹೇಳಿದ್ದು ಇಷ್ಟು: ನೀರು ಕಾದರೆ ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಹೋಗಲು ಜಾಗ ಬೇಕು. ಅದಕ್ಕೇ ಈ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಗಾಳಿ ಇರಬೇಕು. ನೀರು ಹಿಗ್ಗಿದಾಗ ಗಾಳಿ ಅಮುಕಿಕೊಂಡು ಜಾಗ ಕೊಡುತ್ತದೆ. ವರ್ಷಗಟ್ಟಲೆ ಯಾರೂ ನೋಡದೇ ಗಾಳಿಯೆಲ್ಲ ನೀರಿನಲ್ಲಿ ಕರಗಿ ಹೋಗಿ, ಟ್ಯಾಂಕು ಪೂರ್ತಿ ನೀರಾಗಿದೆ. ಹಿಗ್ಗಿದ ನೀರಿಗೆ ಜಾಗವಿಲ್ಲ, ಅದಕ್ಕೆ ವಾಲ್ವು ಕಕ್ಕುತ್ತಿದೆ. ಹೀಗೆಂದು ಅವನು ಟ್ಯಾಂಕಿನ ತಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಪಕ್ಕದ ಒಂದು ಸಣ್ಣ ಹಿತ್ತಾಳೆ ತಿರುಪನ್ನು ಸಡಿಲಿಸಿದ. ಸುಯ್ಯೆಂದು ಗಾಳಿ ಒಳಗೆ ಹೋಯಿತು, ನೀರು ಗಳಗಳ ಹೊರಗೆ ಬಂತು. ನನಗೆ ಸಿನಿಮಾ ನೋಡಿದಷ್ಟು ಆನಂದವಾಯಿತು. ಹಿಂದೆ ತಿರುಗಿದರೆ ಅಮ್ಮನೂ ಮೆಟ್ಟಿಲ ಮೇಲೆ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಅವನ ಇಂಗ್ಲಿಷು ಅವಳಿಗೆ ತಿಳಿಯುತ್ತಿರಲಿಲ್ಲ, ನಾನೂ ತಿಳಿಸಿ ಹೇಳಲಿಲ್ಲ.

ಆವತ್ತು ಸಂಜೆ ಮನೆ ಹೇಗೆ ಬೆಚ್ಚಗಾಯಿತು ಅಂತೀರಿ! ಅಮ್ಮ ಸ್ವೆಟರ್ ತೆಗೆದಿಟ್ಟಳು. ಊಟಕ್ಕೆ ಕೂತಾಗ ಇವರು ಆಫೀಸಿನ ಕಥೆ ತೆಗೆದರು. ಇವರದಾಗ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ಸರಿಮಾಡುವ ಕೆಲಸ. ಹೊಸ ವರ್ಷ ಹುಟ್ಟಿದ ಕೂಡಲೇ ಕಂಪ್ಯೂಟರುಗಳು ಅದನ್ನು ಸಾವಿರದ ಒಂಬೈನೂರು ಅಂದುಕೊಂಡುಬಿಡುತ್ತವೆ ಎಂದು ಊರಿಗೂರೇ ಹೆದರಿತ್ತು.

"ಅತ್ತೆ, ಜನವರಿ ಒಂದನೇ ತಾರೀಖು ನಲ್ಲೀಲಿ ನೀರು ಬರದೇ ಇದ್ರೂ ಇರಬಹುದು. ಪಂಪ್ ಓಡಿಸೋದೂ ಕಂಪ್ಯೂಟರೇ ಅಲ್ವಾ" ಎಂದು ಇವರು ನಗುತ್ತಾ ಹೇಳಿದರು.

"ಹೌದಾ? ಇಲ್ಲೂನಾ?" ಎಂದಳು ಅಮ್ಮ.

"ಇಲ್ಲೂನೇ. ನಿಂತ್ರೆ ಒಂದು ವಾರಾನೂ ನಿಲ್ಲಬಹುದು."

ಅಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು. ಆ ವಾರ ಗ್ರೋಸರಿಗೆ ಕರೆದುಕೊಂಡು ಹೋದಾಗ ಜನ ಗಾಡಿ ತುಂಬ ನೀರಿನ ಕ್ಯಾನು ಪೇರಿಸಿಕೊಂಡು ಹೋಗುವುದನ್ನು ನೋಡಿ ನಿಂತೇ ಬಿಟ್ಟಳು. "ಪರವಾಗಿಲ್ಲ ಕಣೆ, ಇವರಿಗೂ ಮುಂದಾಲೋಚನೆ ಇದೆ" ಎಂದಳು. ನಾನು ನಕ್ಕು ಮುಂದೆ ಹೋದೆ.

ಒಂದು ವಾರವೂ ಆಗಿರಲಿಕ್ಕಿಲ್ಲ, ಬೆಳಿಗ್ಗೆ ರೇಡಿಯೇಟರು ಮತ್ತೆ ಐಸು. ನೆಲಮಾಳಿಗೆಯಲ್ಲಿ ಮತ್ತೆ ಕಂದು ನೀರು. ಪ್ಲಂಬರಿಗೆ ಫೋನ್ ಮಾಡಿದರೆ ಅವನು ನಂಬಲೇ ಇಲ್ಲ. ಟ್ಯಾಂಕು ಹಾಗೆ ತುಂಬಲು ವರ್ಷಗಳು ಬೇಕು, ದಿನಗಳಲ್ಲ ಎಂದ. ಬೇಕಾದರೆ ನೀವೇ ಮತ್ತೊಮ್ಮೆ ಖಾಲಿ ಮಾಡಿ ನೋಡಿ, ನಾನು ಬರುವುದು ಹೊಸ ವರ್ಷದ ಮೇಲೆ ಎಂದು ಇಟ್ಟುಬಿಟ್ಟ. ಇವರು ಶನಿವಾರ ರಬ್ಬರ್ ಪೈಪು ಹಿಡಿದು ಇಳಿದರು. ಟ್ಯಾಂಕಿನಿಂದ ನೀರು ಬಂತು, ಬಂತು, ಬರುತ್ತಲೇ ಇತ್ತು. ಗಾಳಿಯಿರಬೇಕಾದ ಜಾಗವೆಲ್ಲ ಮತ್ತೆ ನೀರೇ!

ಈಗ ನನಗೆ ನಿಜವಾದ ಹುಚ್ಚು ಹಿಡಿಯಿತು. ಗಾಳಿ ಎಲ್ಲಿಗೆ ಹೋಗುತ್ತಿದೆ? ಟ್ಯಾಂಕಿನಲ್ಲಿ ಎಲ್ಲೋ ಕಣ್ಣಿಗೆ ಕಾಣದ ತೂತು ಇರಬೇಕು. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ನೊರೆ ಮಾಡಿ, ಇವರ ಹಳೆಯ ಷೇವಿಂಗ್ ಬ್ರಷ್ಷಿನಿಂದ ಟ್ಯಾಂಕಿನ ಪ್ರತಿ ಬೆಸುಗೆಗೂ, ಪ್ರತಿ ಕೀಲಿಗೂ ಬಳಿದೆ. ಗಾಳಿ ಸೋರಿದರೆ ಗುಳ್ಳೆ ಏಳಬೇಕು. ಆ ಹೊಟ್ಟೆ ಹೊತ್ತುಕೊಂಡು ಸ್ಟೂಲಿನ ಮೇಲೆ ನಿಂತಿದ್ದನ್ನು ನೋಡಿ ಇವರು "ಬಿದ್ದುಗಿದ್ದರೆ ಏನು ಗತಿ, ಇಳಿ ಕೆಳಗೆ!" ಎಂದು ಕೂಗಾಡಿದರು. ಇಳಿಯದೆ ನೋಡಿದೆ. ಒಂದೇ ಒಂದು ಗುಳ್ಳೆ ಏಳಲಿಲ್ಲ. ಬೀದಿ ನೀರಿನ ವಾಲ್ವು ನಾನು ಮುಚ್ಚಿದಂತೆಯೇ ಬಿಗಿಯಾಗಿ ಮುಚ್ಚಿತ್ತು. ಒಳಗೆ ಬರಲು ನೀರಿಗೆ ದಾರಿಯಿಲ್ಲ, ಹೊರಗೆ ಹೋಗಲು ಗಾಳಿಗೆ ದಾರಿಯಿಲ್ಲ. ಆದರೂ ಟ್ಯಾಂಕು ತುಂಬುತ್ತದೆ. ಆಫೀಸಿನಲ್ಲಿ ಎದುರಿಗೆ ಆನೆ ಕುಣಿಯುತ್ತಿದ್ದರೆ ನನ್ನ ತಲೆಯಲ್ಲಿ ಆ ಟ್ಯಾಂಕು ನೇತಾಡುತ್ತಿತ್ತು.

ಅಮ್ಮ ಇದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ರೇಡಿಯೇಟರನ್ನು ಮುಟ್ಟಿ ನೋಡುವಳು, ತಣ್ಣಗಿದ್ದರೆ ಮುಖ ಚಿಕ್ಕದು ಮಾಡಿಕೊಂಡು ಅಡುಗೆಮನೆಗೆ ಹೋಗುವಳು. ಒಂದು ದಿನ ಮಾತ್ರ, "ಈ ಮನೆ ಬಿಟ್ಟು ಬೇರೆ ಕಡೆ ಹೋಗಕ್ಕಾಗಲ್ವೇನೆ, ಮಗು ಬರೋದ್ರೊಳಗೆ?" ಎಂದಳು. ಡಬ್ಲಿನ್‌ನಲ್ಲಿದ್ದ ಸ್ನೇಹಿತರ ಮನೆಗೆ ಹೆರಿಗೆಯಾದ ಮೇಲೆ ಹೋಗಿರೋಣವೇ ಎಂದು ಇವರೊಂದಿಗೆ ಮಾತೂ ಆಡಿದೆ. ಇವರು ಮತ್ತೊಂದು ಸಲ ಟ್ಯಾಂಕು ಖಾಲಿ ಮಾಡಿದರು.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ನನಗೆ ರಜ ಶುರುವಾಯಿತು. ರಜದ ಮೊದಲನೆಯ ಬೆಳಿಗ್ಗೆ, ಇವರು ಆಫೀಸಿಗೆ ಹೋದ ಮೇಲೆ, ನಾನು ಮಲಗಿದ್ದೇನೆ ಎಂದುಕೊಂಡಿರಬೇಕು ಅಮ್ಮ. ಕೆಳಗಿನಿಂದ ಸದ್ದು ಕೇಳಿಸಿತು. ಟಣ್, ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್, ಟಣ್. ಜೊತೆಗೆ ಸುಯ್ಯೆನ್ನುವ ಗಾಳಿಯ ಸದ್ದು. ಮೆಟ್ಟಿಲು ಹಿಡಿದುಕೊಂಡು ಮೆಲ್ಲಗೆ ಇಳಿದೆ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಳು. ಬೀದಿ ನೀರಿನ ವಾಲ್ವು ತೆರೆದಿತ್ತು. ಹಿತ್ತಾಳೆ ತಿರುಪು ಸಡಿಲವಾಗಿತ್ತು. ಅಮ್ಮ ಟ್ಯಾಂಕಿನ ಪಕ್ಕೆಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾ, ಕಿವಿಗೊಟ್ಟು ಕೇಳುತ್ತಿದ್ದಳು.

"ಅಮ್ಮಾ! ಏನ್ ಮಾಡ್ತಿದೀಯ ಅಲ್ಲಿ?"

"ಅಯ್ಯೋ, ಎದೆ ಧಸಕ್ ಅಂತು ಕಣೆ! ಇರು, ಇನ್ನೇನು ತುಂಬ್ತು."

"ಏನು ತುಂಬ್ತು?"

"ಟ್ಯಾಂಕು. ಆ ಪ್ಲಂಬರ್ ಮಹಾರಾಯ ಬಂದು ತುಂಬಿದ್ದ ಟ್ಯಾಂಕನ್ನ ಬರಿದು ಮಾಡಿ ಹೋದ. ಆಮೇಲೆ ಅಳಿಯಂದ್ರೂ ಎರಡು ಸಲ ಖಾಲಿ ಮಾಡಿದ್ರು. ಯಾಕೆ ಮಾಡ್ತಾರೆ ಅಂತ ನಂಗೆ ತಿಳೀಲಿಲ್ಲ. ಅಳಿಯಂದ್ರನ್ನ ಹೇಗೆ ಕೇಳೋದು? ಅವರು ಚೆಲ್ಲೋದು, ನಾನು ತುಂಬೋದು, ಹೀಗೇ ಆಗಿದೆ."

ನಾನು ಮೆಟ್ಟಿಲ ಮೇಲೆ ಕೂತೆ. ಅಮ್ಮ ಹೇಳುತ್ತಾ ಹೋದಳು. "ಹೊಸ ವರ್ಷಕ್ಕೆ ನೀರು ನಿಲ್ಲತ್ತೆ ಅಂತ ಅವರೇ ಹೇಳಿದ್ರಲ್ಲ. ಒಂದು ವಾರ ನಿಂತ್ರೆ? ಅಷ್ಟರಲ್ಲಿ ನಿನಗೆ ನೋವು ಬಂದ್ರೆ? ಮಗೂಗೆ ಬಿಸಿನೀರು ಹಾಕ್ಬೇಕಲ್ಲ, ಎಲ್ಲಿಂದ ತರ್ಲಿ ನಾನು? ಬಾಯ್ಲರಿನ ಮೇಲೆ ಇಷ್ಟು ದೊಡ್ಡ ಟ್ಯಾಂಕ್ ಇಟ್ಕೊಂಡು ಖಾಲಿ ಬಿಡ್ತಾರೇನೇ ಯಾರಾದ್ರೂ?"

ನೋಡಿ, ಅವಳ ಲೆಕ್ಕದಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ನಮ್ಮೂರಿನಲ್ಲಿ ಬಾಯ್ಲರು ಅಂದರೆ ಸ್ನಾನದ ನೀರು ಕಾಯಿಸುವುದು. ಅದರ ಮೇಲೆ ಟ್ಯಾಂಕು ಇದ್ದರೆ ಅದು ಆ ಬಾಯ್ಲರಿಗೆ ನೀರಿಳಿಸುವ ಟ್ಯಾಂಕೇ. ಬೆಂಗಳೂರಿನ ನಮ್ಮ ಮನೆಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಸಂಪು, ಮೋಟಾರು, ತಾರಸಿಯ ಟ್ಯಾಂಕು ಎಲ್ಲವೂ ಅಮ್ಮನ ಉಸ್ತುವಾರಿ. ಟ್ಯಾಂಕಿನ ಪಕ್ಕೆಗೆ ಗೆಣ್ಣಿನಿಂದ ಕುಟ್ಟಿ, ಟೊಳ್ಳು ಸದ್ದು ಬಂದರೆ ಮೋಟಾರು ಹಾಕು, ಮಂದ ಸದ್ದು ಬಂದರೆ ನಿಲ್ಲಿಸು ಎಂದು ಕೆಳಗಿದ್ದ ನಮಗೆ ಕೂಗಿ ಹೇಳುತ್ತಿದ್ದಳು. ಆ ಗೆಣ್ಣು ಇಲ್ಲಿಗೂ ಬಂದಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ.

"ಆ ತಿರುಪು ಬಿಚ್ಚಬೇಕು ಅಂತ ನಿನಗೆ ಹೇಗಮ್ಮ ಗೊತ್ತಾಯ್ತು?"

"ಅದ್ಯಾವ ದೊಡ್ಡ ವಿದ್ಯೆ? ಅವತ್ತು ಪ್ಲಂಬರ್ ಅದನ್ನ ಬಿಚ್ಚಿದ್ದಕ್ಕೇ ಗಾಳಿ ಒಳಗೆ ಹೋಗಿ ನೀರು ಇಳೀತು. ನೀರು ಹತ್ತಿಸಬೇಕಾದ್ರೆ ಗಾಳಿ ಆಚೆ ಬರಬೇಕು ತಾನೆ? ನಮ್ಮನೇಲಿ ಪೈಪಲ್ಲಿ ಗಾಳಿ ಕಟ್ಟಿಕೊಂಡ್ರೆ ಮೇಲಿನ ನಲ್ಲಿ ಬಿಚ್ಚಿಡ್ತಿದ್ವಲ್ಲ, ಹಾಗೇ. ಗಾಳಿಯೆಲ್ಲ ಹೋಗಿ ಇಲ್ಲಿ ನೀರು ತೊಟ್ಟಿಕ್ಕಿದ್ರೆ ತುಂಬ್ತು ಅಂತ. ಆಮೇಲೆ ಎಲ್ಲಾನೂ ಮೊದಲಿನ ಹಾಗೇ ಬಿಗಿ ಮಾಡಿ ಬರ್ತೀನಿ. ನಲ್ಲಿ ತೆರೆದಿಟ್ಟು ಬರೋಳಲ್ಲ ನಾನು."

ಅದಕ್ಕೇ ವಾಲ್ವು ಮುಚ್ಚಿರುತ್ತಿತ್ತು, ಸೋಪಿನ ನೊರೆಯಲ್ಲಿ ಗುಳ್ಳೆ ಏಳುತ್ತಿರಲಿಲ್ಲ! ವಾರಗಟ್ಟಲೆ ತಲೆ ತಿಂದಿದ್ದ ಒಂದೊಂದು ಗಂಟೂ ಬಿಚ್ಚಿಕೊಂಡು ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಅಮ್ಮನಿಗೆ ಅಲ್ಲೇ ಪಾಠ ಶುರು ಮಾಡಿದೆ. ಈ ನೀರು ಸ್ನಾನದ್ದಲ್ಲ, ಮನೆ ಸುತ್ತುವ ನೀರು. ಅದರ ಜೊತೆಗೆ ಗಾಳಿ ಇರಲೇಬೇಕು.

"ಗಾಳಿ ಇಡೋದಕ್ಕೆ ಟ್ಯಾಂಕ್ ಯಾಕೆ ಬೇಕು? ಗಾಳಿ ಎಲ್ಲೆಲ್ಲೂ ಇದೆಯಲ್ಲ" ಎಂದಳು.

"ಅಮ್ಮಾ, ಕುಕ್ಕರಿಗೆ ಬೇಳೆ, ನೀರು ಕಂಠಪೂರ್ತಿ ಹಾಕ್ತೀಯಾ?"

"ಹಾಕಿದ್ರೆ ಉಕ್ಕಿ ಉಕ್ಕಿ ವಿಶಲ್ಲಲ್ಲೆಲ್ಲಾ ಬರತ್ತೆ. ಮೇಲೆ ಜಾಗ ಬಿಡಬೇಕು."

"ಇದೂ ಅಷ್ಟೇ."

ಅಮ್ಮನ ಕೈ ಟ್ಯಾಂಕಿನ ಮೇಲೆ ಹಾಗೇ ನಿಂತಿತು. ಅವಳು ಟ್ಯಾಂಕು ನೋಡಿದಳು, ವಾಲ್ವು ನೋಡಿದಳು, ನೆಲದ ಮೇಲಿನ ಕಂದು ಕಲೆ ನೋಡಿದಳು. ಕುಕ್ಕರಿನ ಮಾತು ಸಾಕಾಗಿತ್ತು, ಉಳಿದಿದ್ದನ್ನು ನಾನು ಹೇಳಬೇಕಾಗಲಿಲ್ಲ.

"ಹಾಗಾದ್ರೆ ಇಷ್ಟು ದಿನ ಮನೆ ತಣ್ಣಗಾಗ್ತಿದ್ದಿದ್ದು ನನ್ನಿಂದಾನಾ?"

"ಹೂಂ ಮತ್ತೆ! ನೀನೇ ಕಳ್ಳಿ!" ಎಂದು ನಾನು ಜೋರಾಗಿ ನಕ್ಕೆ. ಅಮ್ಮ ನಗಲಿಲ್ಲ. ಸ್ಟೂಲಿನಿಂದ ಇಳಿದು, ವಾಲ್ವು ಮುಚ್ಚಿ, ತಿರುಪು ಬಿಗಿ ಮಾಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆ ಹೋದಳು.

ಸಂಜೆ ಇವರು ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. ಕೂಡಲೇ ಟ್ಯಾಂಕು ಖಾಲಿ ಮಾಡಿ ಬಂದು, "ಅತ್ತೆ, ಇನ್ಮೇಲೆ ಅದೊಂದನ್ನ ಮುಟ್ಟಬೇಡಿ, ಆಯ್ತಾ?" ಎಂದರು, ಮೆತ್ತಗೆಯೇ. ಅಮ್ಮ ತಲೆಯಾಡಿಸಿದಳು. ಅಲ್ಲಿಂದ ಮುಂದೆ ಮನೆ ಒಂದು ದಿನವೂ ತಣ್ಣಗಾಗಲಿಲ್ಲ. ಆದರೆ ಅಮ್ಮ ಅದೊಂದನ್ನಲ್ಲ, ಏನನ್ನೂ ಮುಟ್ಟದವಳಾದಳು. ಗ್ಯಾಸ್ ಹಚ್ಚಬೇಕಾದರೆ "ಹಚ್ಲಾ?" ಎನ್ನುವಳು. ಬಟ್ಟೆ ಒಗೆಯುವ ಮೆಶಿನ್ನಿನ ಹತ್ತಿರ ಹೋಗುವುದನ್ನೇ ಬಿಟ್ಟಳು. ಹೊಸ ವರ್ಷ ಬಂತು, ನಲ್ಲಿಯಲ್ಲಿ ನೀರೂ ಬಂತು. ನಾನು ಕೂಗಿ ಹೇಳಿದರೆ "ಬಂತಾ, ಸರಿ" ಎಂದಳು ಅಷ್ಟೆ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ, ನನ್ನ ಮುಖ ನೋಡದೆ, "ಡಬ್ಲಿನ್ ಕಡೆ ಒಬ್ರು ಮಗೂಗೆ ನೀರು ಹಾಕಿ ಕೊಡ್ತಾರಂತೆ. ಅವರಿಗೇ ಹೇಳ್ಬಿಡು. ನಂಗೆ ಇಲ್ಲೀದು ಒಂದೂ ಗೊತ್ತಾಗಲ್ಲ. ಮತ್ತೆ ಏನಾದ್ರೂ ಎಡವಟ್ಟು ಮಾಡಿಟ್ರೆ..." ಎಂದಳು.

ನನಗೆ ಕೋಪ ಬಂತು. "ಹಾಗಾದ್ರೆ ನೀನು ಬಂದಿದ್ಯಾಕೆ ಇಷ್ಟು ದೂರ?" ಎಂದು ರೇಗಿದೆ. ಅಮ್ಮ ಸುಲಿದ ಸಿಪ್ಪೆ ಎತ್ತಿಕೊಂಡು ಒಳಗೆ ಹೋದಳು. ಒಂದು ಬಾಯ್ಲರು ಯಾಕೆ ಕಕ್ಕುತ್ತದೆ ಎಂದು ಕಂಡುಹಿಡಿದ ನನಗೆ ಇದಕ್ಕೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಹೇಳಿದ ದಿನಕ್ಕಿಂತ ಸ್ವಲ್ಪ ಮೊದಲೇ ಮಗಳು ಹುಟ್ಟಿದಳು. ಅಮ್ಮ ಆಸ್ಪತ್ರೆಗೆ ಬಂದು, ಮಂಚದ ಪಕ್ಕ ನಿಂತು ಕಣ್ತುಂಬ ನೋಡಿದಳು. ಎತ್ತಿಕೋ ಅಂದರೆ "ಮಲಗಿದೆ, ಎಬ್ಬಿಸಬೇಡ" ಎಂದಳು. ನಾವು ಮನೆಗೆ ಬರುವ ದಿನ ಮಧ್ಯಾಹ್ನ ಹೊರಗೆ ಮಂಜು ಕವಿದು, ಕೊಲ್ಲಿಯ ಕಡೆಯಿಂದ ಕೊರೆಯುವ ಗಾಳಿ. ಬಾಗಿಲು ತೆಗೆದ ಕೂಡಲೇ ಒಳಗಿನ ಬಿಸುಪು ಮುಖಕ್ಕೆ ತಾಗಿತು. ಊಟದ ಮೇಜಿನ ಮೇಲೆ ಕೆಂಪಾರತಿ ತಟ್ಟೆ ಸಿದ್ಧವಾಗಿತ್ತು. ಅಮ್ಮ ಇಲ್ಲ. ಇವರು ಕೋಣೆ ಕೋಣೆಯಲ್ಲಿ ಕರೆದರು. ನನಗೆ ತಟ್ಟನೆ ಗೊತ್ತಾಯಿತು. "ಮೆಟ್ಟಿಲು ಇಳೀಬೇಡ" ಎಂದು ಇವರು ಅನ್ನುತ್ತಿದ್ದಂತೆಯೇ ಮಗುವನ್ನು ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.

ಅಮ್ಮ ಶಾಲು ಹೊದ್ದು, ಕಾರ್ಡ್‌ಲೆಸ್ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯ್ಲರಿನ ಮೀಟರಿನ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಪಕ್ಕದಲ್ಲಿ ಕಾಫಿ ಲೋಟ, ಕೆನೆ ಕಟ್ಟಿ ತಣ್ಣಗಾಗಿತ್ತು.

"ಎಷ್ಟೊತ್ತಿಂದ ಕೂತಿದೀಯಮ್ಮ ಇಲ್ಲಿ?"

ಅವಳು ಬೆಚ್ಚಿ ಎದ್ದು ನಿಂತಳು. "ಬೆಳಿಗ್ಗೆಯಿಂದ. ನಾನೇನೂ ಮುಟ್ಟಿಲ್ಲ ಕಣೆ, ಬರೀ ನೋಡ್ತಾ ಕೂತಿದೀನಿ. ಮುಳ್ಳು ಆ ಕೆಂಪು ಗೆರೆ ಕಡೆ ಹೋದ್ರೆ ನಿಮಗೆ ಫೋನ್ ಮಾಡೋಣ ಅಂತ. ಮಗು ಬರೋ ದಿನಾನೇ ತಣ್ಣಗಾಗಿಬಿಟ್ರೆ?"

ನನಗೆ ಅಳು ತಡೆಯಲಾಗಲಿಲ್ಲ. ಮಗುವನ್ನು ಮುಂದೆ ಚಾಚಿದೆ. ಅಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ ಬೇಡ, ನನ್ ಕೈ ತಣ್ಣಗಿದೆ."

"ಬಿಸಿ ಮಾಡ್ಕೋ" ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕಂಕುಳಿನಿಂದ ಕೈ ತೆಗೆದು, ಎರಡೂ ಅಂಗೈಗಳನ್ನು ಬಾಯ್ಲರಿನ ತಗಡಿನ ಮೈಮೇಲೆ ಊರಿದಳು. ಹಾಗೇ ಸ್ವಲ್ಪ ಹೊತ್ತು ನಿಂತಳು. ಕೈ ತೆಗೆದು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡಳು, ಸಾಲದೆಂದು ಮತ್ತೆ ಊರಿದಳು, ಮತ್ತೆ ಕೆನ್ನೆಗೆ ಇಟ್ಟು ನೋಡಿದಳು.

"ಕೊಡು ಇಲ್ಲಿ" ಎಂದಳು.

ಮಗುವನ್ನು ತೆಗೆದುಕೊಂಡು ಶಾಲಿನೊಳಗೆ ಎದೆಗೆ ಒತ್ತಿಕೊಂಡಳು. ಬೆನ್ನ ಹಿಂದೆ ಬಾಯ್ಲರು ಭುಗ್ಗೆಂದು ಹೊತ್ತಿಕೊಂಡಿತು, ಮುಳ್ಳು ಮೇಲೇರತೊಡಗಿತು. ಅಮ್ಮ ತಿರುಗಿ ನೋಡಲಿಲ್ಲ.